ಈಗಷ್ಟೇ ಕೊಯ್ದ ಹುಲ್ಲಿನ ಅತ್ತರು

ನನಗೊಂದು ಚಟವಿದೆ. ಕೈಗೆ ಬಂದದ್ದನ್ನೆಲ್ಲ ಮೂಸಿ ನೋಡುವುದು. ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ, ಐವತ್ತು ದಾಟಿದ ಹೆಂಗಸಿಗೆ ಇದು ಒಪ್ಪುವ ಕೆಲಸವಲ್ಲ ಎಂದು ಗೊತ್ತಿದೆ, ಬಿಡಲಾಗಿಲ್ಲ. ಮೊನ್ನೆ ವರ್ಗದಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ನನಗೇ ತಿಳಿಯದೆ ಒಂದು ಪತ್ರಿಕೆ ಮೂಗಿನ ಹತ್ತಿರ ಹೋಗಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬಲು ಗಂಭೀರವಾಗಿ, "ಟೀಚರ್, ಮೂಸಿ ನೋಡಿ ಮಾರ್ಕ್ಸ್ ಹಾಕ್ತೀರೇನ್ರಿ?" ಎಂದಳು. ವರ್ಗಕ್ಕೆ ವರ್ಗವೇ ನಕ್ಕಿತು. ನಾನೂ ನಕ್ಕೆ. ಆದರೆ ಆ ಪತ್ರಿಕೆಗೆ ಮೆಂತ್ಯದ ವಾಸನೆಯಿತ್ತು. ಬರೆದವರು ಯಾರೋ ಬೆಳಗ್ಗೆ ಮೆಂತ್ಯದ ಸಿವುಡು ಕಟ್ಟಿ, ಕೈ ಒರೆಸಿಕೊಂಡು, ಪರೀಕ್ಷೆಗೆ ಓಡಿ ಬಂದಿರಬೇಕು. ಉತ್ತರಗಳೆಲ್ಲ ತಪ್ಪಿದ್ದವು. ಆದರೂ ಕೆಂಪು ಪೆನ್ನು ಎತ್ತುವ ಮೊದಲು ಒಂದು ಗಳಿಗೆ ನಾನು ಆ ಹೊಲದ ಮಡಿಯಲ್ಲಿ ನಿಂತು ಬಂದೆ.

ಚಟ ಬೇವೂರಿನಲ್ಲಿ, ಚಿಕ್ಕಂದಿನಲ್ಲೇ ಹತ್ತಿದ್ದು. ಆಗ ನನ್ನ ಮೂಗು ನನಗಿಂತ ಎರಡು ವರ್ಷ ದೊಡ್ಡದಾಗಿ ಕಾಣುತ್ತಿತ್ತಂತೆ. "ಇಕಿ ಬರೂ ಮೊದಲ ಇಕಿ ಮೂಗ ಬರತೈತಿ" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಒದ್ದೆ ಪಾಟಿಯ ವಾಸನೆ, ಹೊಸ ಕೌದಿಯೊಳಗಿನ ಹಳೆಯ ಸೀರೆಗಳ ವಾಸನೆ, ಜೋಳದ ಹಗೇವಿನ ಬಾಯಿ ತೆಗೆದಾಗ ಕೆಳಗಿನಿಂದ ಏಳುವ ಬೆಚ್ಚನೆಯ ಕತ್ತಲೆಯ ವಾಸನೆ, ಎಲ್ಲವೂ ನನಗೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಹುಲ್ಲಿನದು. ಅವ್ವ ಎಮ್ಮೆಗೆಂದು ಹೊಲದ ಬದುವಿನಲ್ಲಿ ಕರಕಿ ಹುಲ್ಲು ಕೊಯ್ಯುತ್ತಿದ್ದಳು. ಕುಡಗೋಲು ಚರಕ್ ಎಂದು ಬಿದ್ದ ಕೂಡಲೇ ಒಂದು ವಾಸನೆ ಏಳುತ್ತಿತ್ತಲ್ಲ, ತಂಪು, ಚೂಪು, ಹಲ್ಲಿಗೆ ಹತ್ತುವಂಥದ್ದು, ಅದಕ್ಕಾಗಿ ನಾನು ಅವಳ ಮಗ್ಗುಲಲ್ಲೇ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದೆ. ಮರಳುವಾಗ ಹೊರೆ ಅವಳ ತಲೆಯ ಮೇಲೆ. ನಾನು ಹಿಂದೆ, ಆ ವಾಸನೆಯ ನೆರಳಿನಲ್ಲಿ. ಮನೆ ಮುಟ್ಟಿ ಹೊರೆ ಇಳಿಸುವ ಹೊತ್ತಿಗೆ ಅದು ಬೇರೆಯೇ ಆಗಿರುತ್ತಿತ್ತು. ಸಿಹಿಯಾಗಿ, ಮಂದವಾಗಿ, ಬರೀ ಮೇವಿನ ವಾಸನೆ.

"ಹುಲ್ಲಿನ ವಾಸನಿ ಎಲ್ಲಿ ಹೋತಬೇ?" ಎಂದು ಒಮ್ಮೆ ಕೇಳಿದೆ.

"ದಾರ್ಯಾಗ ಉದುರಿ ಬಿತ್ತು" ಎಂದಳು, ಎಮ್ಮೆಯ ಕಡೆ ನೋಡುತ್ತಾ.

ನಾನು ಹೊಲದವರೆಗೆ ನೆಲ ನೋಡುತ್ತಾ ಹೋಗಿ, ನೆಲ ನೋಡುತ್ತಾ ಬಂದೆ. ಇಂಥವಳು ಮುಂದೆ ವಿಜ್ಞಾನ ಓದಿದಳು, ಕಲಿಸುವವಳೂ ಆದಳು ಎಂದರೆ ನೀವು ನಂಬಬೇಕು.

ಓದಿದ ಮೇಲೆ ಗೊತ್ತಾಯಿತು, ಅದು ಹುಲ್ಲಿನ ಗಾಯದ ವಾಸನೆ. ಎಲೆ ಹರಿದಾಗ ಒಳಗಿನ ರಸ ಗಾಳಿಗೆ ತಾಗಿ ಆ ಹಸಿ ಕಂಪು ಹುಟ್ಟುತ್ತದೆ. ಕೆಲವೇ ನಿಮಿಷ ಇದ್ದು ಹಾರಿಹೋಗುತ್ತದೆ. ಅವ್ವ ಹೇಳಿದ್ದಕ್ಕೂ ಇದಕ್ಕೂ ಅಂಥ ವ್ಯತ್ಯಾಸವೇನಿಲ್ಲ.

ಇದನ್ನೆಲ್ಲ ಹೇಳಿದ್ದು ದಸ್ತಗೀರಸಾಹೇಬರ ಕಥೆಗೆ ಬರಬೇಕೆಂದು. ಇಳಕಲ್ಲಿನಲ್ಲಿ ಸೀರೆ ಅಂಗಡಿಗಳ ಸಾಲು ಮುಗಿದು ಬೀದಿ ಕಿರಿದಾಗುವಲ್ಲಿ, ಕಪಾಟಿನಷ್ಟೇ ಅಗಲದ ಒಂದು ಅತ್ತರಿನ ಅಂಗಡಿಯಿದೆ. ಎಪ್ಪತ್ತರ ಆಸುಪಾಸಿನ, ಸಣಕಲು ದೇಹದ, ಗಡ್ಡಕ್ಕೆ ಮದರಂಗಿ ಹಚ್ಚುವ ಮುದುಕರು ಅದರೊಳಗೆ ಒಂದು ಚಿತ್ರದಂತೆ ಕೂತಿರುತ್ತಾರೆ. ಸೀರೆಯೊಂದರ ಕುಚ್ಚು ಕಟ್ಟಿಸಲು ಹೋದವಳು ಮೂಗು ಎಳೆದಲ್ಲಿ ಹೋಗಿ ಅವರ ಮುಂದೆ ನಿಂತಿದ್ದೆ. ಅವರು ಗಾಜಿನ ಕಡ್ಡಿಯಿಂದ ನನ್ನ ಮುಂಗೈಗೆ ಒಂದು ಹನಿ ಸವರಿ ಕೇಳಿದರು, "ಏನ ಕಾಣಸ್ತೈತಿ ಹೇಳ್ರಿ ಅಕ್ಕಾರ."

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಳಬರು ಅಕ್ಕಾರ ಎನ್ನುತ್ತಾರೆ. ನಾನು ಶಾಲೆಯವಳೆಂದು ಅವರಿಗೆ ಹೇಗೆ ಗೊತ್ತಾಯಿತೋ, ಬಹುಶಃ ಬೆರಳಿನ ಸೀಮೆಸುಣ್ಣದ ಪುಡಿ ನೋಡಿ. ವಾಸನೆಗೆ 'ಕಾಣಿಸುತ್ತದೆ' ಎಂಬ ಮಾತು ಬಳಸಿದ್ದು ನನಗೆ ಬಹಳ ಹಿಡಿಸಿತು. ಕಣ್ಣು ಮುಚ್ಚಿ ಹೇಳಿದೆ, "ಕುಂಬಾರರ ಅಂಗಳ. ಗಡಿಗಿ ಇನ್ನೂ ಸುಟ್ಟಿಲ್ಲ. ಯಾರೋ ನೀರ ಚಿಮುಕಿಸ್ಯಾರ." ಅದು ಮಣ್ಣಿನ ಅತ್ತರು. ಸಾಹೇಬರು ಒಳಗಿನಿಂದ ಒಂದು ಸ್ಟೂಲು ಎಳೆದು ನನಗೆ ಹಾಕಿದರು.

ಅಲ್ಲಿಂದ ನನ್ನ ಭಾನುವಾರಗಳು ಇಳಕಲ್ಲಿನವಾದವು. ಹುನಗುಂದದಿಂದ ಬಸ್ಸಿನಲ್ಲಿ ಕೂತರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬರುವ ಊರು. ಸಾಹೇಬರು ಡಬ್ಬಿಯೊಂದರ ಮುಚ್ಚಳ ತೆಗೆದು ಮುಂದಿಡುವರು. ಏನ ಕಾಣಸ್ತೈತಿ ಎನ್ನುವರು. ನಾನು ಹೇಳುತ್ತಾ ಹೋಗುವೆನು. ಕೇದಗೆಯಲ್ಲಿ ಹಾವಿನ ಪೊರೆ, ಲಾವಂಚದಲ್ಲಿ ಒಣಗಿದ ಕೆರೆ, ಗುಲಾಬಿಯಲ್ಲಿ ಜೇನು ಮತ್ತು ಸ್ವಲ್ಪ ಮೆಣಸು. ಅವರು ಕಣ್ಣು ಮುಚ್ಚಿ ಕೇಳುವರು, ಕೆಲವೊಮ್ಮೆ "ಗುಲಾಬ್ಯಾಗ ಎಣ್ಣಿ ವಾಸನಿ ಐತೇನು? ಸರಿಯಾಗಿ ನೋಡ್ರಿ" ಎನ್ನುವರು. ಗುರುಗಳು ಶಿಷ್ಯೆಯನ್ನು ಪರೀಕ್ಷಿಸುತ್ತಿದ್ದಾರೆ, ಶಿಷ್ಯೆ ಪಾಸಾಗುತ್ತಿದ್ದಾಳೆ ಎಂದು ಒಳಗೊಳಗೇ ಉಬ್ಬುತ್ತಿದ್ದೆ. ಮನೆಯಲ್ಲಿ ನಮ್ಮವರ ಮುಂದೆ, "ನನ್ನ ಮೂಗಿಗೆ ಈಗ ಬೆಲೆ ಬಂತು" ಎಂದೂ ಹೇಳಿಕೊಂಡಿದ್ದೆ. ಅವರು ಸಹಕಾರಿ ಸಂಘದ ಗುಮಾಸ್ತರು. ಪತ್ರಿಕೆಯಿಂದ ತಲೆ ಎತ್ತದೆ, "ಅದಕ್ಕ ಮೊದಲಿಂದ ತೂಕ ಇತ್ತು ಬಿಡು" ಎಂದರು.

ಒಂದು ದಿನ ಕೇಳಿದೆ, "ನಿಮ್ಮಲ್ಲಿ ಹುಲ್ಲಿನ ಅತ್ತರ ಐತೇನ್ರಿ?"

"ಲಾವಂಚ ಐತೆಲ್ಲ. ಗಂಜಣಿ ಹುಲ್ಲಿನದೂ ಐತಿ."

"ಅವಲ್ರಿ. ಕುಡಗೋಲು ಬಿದ್ದ ಕೂಡಲೇ ಬರತೈತಲ್ಲ, ಅದು."

ಸಾಹೇಬರು ಬೀದಿಯಲ್ಲಿ ಹೋಗುವವರನ್ನು ನೋಡುತ್ತಲೇ ಮಾತು ಶುರು ಮಾಡಿದರು. ಅವರ ತಂದೆ ಇಳಕಲ್ಲು ಹುನಗುಂದಗಳ ನಡುವೆ ಟಾಂಗಾ ಓಡಿಸುತ್ತಿದ್ದರಂತೆ. ಟಾಂಗಾದ ಕೆಳಗೆ ಗಾಲಿಗಳ ನಡುವೆ ಒಂದು ಬಲೆ ಕಟ್ಟಿ, ಕುದುರೆಗೆಂದು ಹಸಿ ಹುಲ್ಲು ತುಂಬಿಡುವರು. ಮೂರು ನಾಲ್ಕು ವರ್ಷದ ದಸ್ತಗೀರನನ್ನು ತಾಯಿ ಕಾಯಿಲೆ ಬಿದ್ದ ದಿನಗಳಲ್ಲಿ ಅದೇ ಬಲೆಯಲ್ಲಿ, ಹುಲ್ಲಿನ ಮೇಲೆ ಮಲಗಿಸಿಕೊಂಡು ಊರೂರು ಓಡಾಡುತ್ತಿದ್ದರಂತೆ. "ಮ್ಯಾಲ ಜನಾ ಮಾತಾಡೂದು ಕೇಳಸ್ತಿತ್ತು. ಕೆಳಗ ದಾರಿ ಓಡತಿತ್ತು. ನಡುವ ನಾನು, ಹುಲ್ಲು. ಆ ವಾಸನಿ ಹಿಡೀಬೇಕಂತ ನಾನೂ ಭಾಳ ವರ್ಷ ಕುಂತೆ ಅಕ್ಕಾರ. ಸಿಗಲಿಲ್ಲ. ಹೂವು ಅತ್ತರಾಗತೈತಿ, ಬೇರು ಆಗತೈತಿ, ಮಣ್ಣೂ ಆಗತೈತಿ. ಹುಲ್ಲು ಮಾತ್ರ ಆಗಂಗಿಲ್ಲ."

ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನ್ನಂಥವರಿಗೆ ಹಟ ಹತ್ತುತ್ತದೆ. ಮರುವಾರವೇ ಕುಕ್ಕರಿನ ಸೀಟಿ ತೆಗೆದು, ಅದರ ಬಾಯಿಗೆ ನಳಿಕೆ ಸಿಕ್ಕಿಸಿ, ಕೊಡದ ತಣ್ಣೀರಿನಲ್ಲಿ ಹಾಯಿಸಿ, ಎರಡು ಸಿವುಡು ಕರಕಿಯನ್ನು ಕುದಿಸಿದೆ. ಅತ್ತರು ತೆಗೆಯುವುದೆಂದರೆ ಇಷ್ಟೇ ತಾನೆ, ಉಗಿಯಲ್ಲಿ ಕಂಪನ್ನು ಹತ್ತಿಸಿ, ತಣ್ಣಗೆ ಮಾಡಿ ಇಳಿಸಿಕೊಳ್ಳುವುದು. ಮನೆ ತುಂಬ ಬೆಂದ ಸೊಪ್ಪಿನ ವಾಸನೆ ಎದ್ದಿತು. ನಮ್ಮವರು ಒಳಗೆ ಬಂದವರೇ ಕೈಕಾಲು ತೊಳೆದು ತಾಟು ಹಾಕಿಕೊಂಡು ಕೂತರು. "ಪುಂಡಿಪಲ್ಯ ಇಷ್ಟ ಲಗೂನ ಎಲ್ಲಿ ಸಿಕ್ಕಿತು?" ಎಂದರು. ಸಾಹೇಬರಿಗೆ ಇದನ್ನು ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹುಲ್ಲಿಗೆ ಬೆಂಕಿ ತೋರಿಸಬಾರದ್ರಿ. ಎಣ್ಣ್ಯಾಗ ಹಾಕಿ ನೋಡ್ರಿ" ಎಂದರು.

ಎಣ್ಣೆಯಲ್ಲಿ ಹಾಕಿದೆ. ಶಾಸ್ತ್ರೋಕ್ತವಾಗಿ ಹುಲ್ಲನ್ನು ಮೂರು ನೀರಿನಲ್ಲಿ ತೊಳೆದು, ಉಪ್ಪಿನಕಾಯಿ ಭರಣಿಯಲ್ಲಿ ತುಂಬಿ, ಎಳ್ಳೆಣ್ಣೆ ಹೊಯ್ದು, ಬಾಯಿಗೆ ಬಟ್ಟೆ ಬಿಗಿದು ಹದಿನೈದು ದಿನ ಇಟ್ಟೆ. ಸೋಸಿ ಸೀಸೆಗೆ ತುಂಬಿದ ದಿನ ನನಗೆ ಜೋರು ನೆಗಡಿ; ಏನೂ ತಿಳಿಯಲಿಲ್ಲ. ಬಣ್ಣ ಮಾತ್ರ ಪಾಚಿಗಟ್ಟಿದ ಬಾವಿಯ ಹಾಗೆ ಚೆಂದವಾಗಿತ್ತು. ಭಾನುವಾರದ ಹೊತ್ತಿಗೆ ಮೂಗು ತೆರೆಯಿತು. ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಅವರೇ ಮೊದಲು ನೋಡಲಿ ಎಂದು ಅವರ ಕೈಗೇ ಕೊಟ್ಟೆ.

ಸಾಹೇಬರು ಬಿರಡೆ ತೆಗೆದರು. ಕಡ್ಡಿ ಅದ್ದಿ ಮುಂಗೈಗೆ ಸವರಿಕೊಂಡರು. ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದರು. ಮುಖ ಎಳೆ ಮಗುವಿನದಾಯಿತು. "ಎಳಿ ಹುಲ್ಲು" ಎಂದರು. "ಮುಂಜಾನಿ ಹುಲ್ಲು. ಭಾಳ ಛಲೋ ಆಗೈತಿ ಅಕ್ಕಾರ."

ಅಷ್ಟರಲ್ಲಿ ಅದು ನನ್ನನ್ನು ಮುಟ್ಟಿತು. ಮಳೆಗಾಲದಲ್ಲಿ ದನದ ಗ್ವಾದಲಿಯ ಮೂಲೆಯಲ್ಲಿ ವಾರಗಟ್ಟಲೆ ಕೊಳೆತ ಮೇವಿನ ನಾತ. ಕಣ್ಣಿಗೆ ಹಚ್ಚುವ ಸುರ್ಮಾ ಕೊಳ್ಳಲು ನಿಂತಿದ್ದ ಹೆಂಗಸೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದಳು. ಸಾಹೇಬರು ಇನ್ನೂ ಕಣ್ಣು ಮುಚ್ಚಿಯೇ ಇದ್ದರು.

ನನ್ನ ಮನಸ್ಸು ನೋಯಿಸಬಾರದೆಂದು ಹಾಗೆ ಹೇಳಿದರು ಎಂದುಕೊಂಡೇ ಬಸ್ಸು ಹತ್ತಿದೆ. ಊರು ದಾಟಿ ಬಯಲು ಬಂತು. ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತವಳಿಗೆ ನಿಧಾನವಾಗಿ ಒಂದೊಂದೇ ತಿಳಿಯತೊಡಗಿತು. ಅವರು ಸುಳ್ಳು ಹೊಗಳುವವರಲ್ಲ. ಮದುಮಗನೊಬ್ಬ ದುಬಾರಿ ಅತ್ತರು ಕೇಳಿದಾಗ "ಇದು ನಿನಗ ಒಪ್ಪಂಗಿಲ್ಲ, ನಡಿ" ಎಂದು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಮತ್ತೆ, ಪ್ರತಿ ಭಾನುವಾರ ಏನ ಕಾಣಸ್ತೈತಿ ಎಂದು ಕೇಳುತ್ತಿದ್ದುದು ಹೊಸದಾಗಿ ಬಂದ ಡಬ್ಬಿಗಳನ್ನೇ ತೆರೆದು. ಒಮ್ಮೆಯಾದರೂ ಅವರು ಮೊದಲು ಮೂಸಿ ಆಮೇಲೆ ನನಗೆ ಕೊಟ್ಟದ್ದುಂಟೆ? ನಾನು ಪರೀಕ್ಷೆ ಎಂದುಕೊಂಡದ್ದು ಪರೀಕ್ಷೆಯಾಗಿರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು. ಅವರಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ.

ಅಯ್ಯೋ ಪಾಪ ಎನಿಸಬೇಕಾಗಿತ್ತು. ಎನಿಸಿದ್ದು ಬೇರೆ. ಆ ಸ್ಟೂಲು ನನ್ನ ಪ್ರತಿಭೆಗೆ ಸಿಕ್ಕದ್ದಲ್ಲ, ಅವರಿಗೊಂದು ಮೂಗು ಬೇಕಾಗಿತ್ತು ಎಂಬ ಸಿಟ್ಟು. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಆದರೂ ಬಂದದ್ದು ಸಿಟ್ಟೇ.

ಆ ಸಿಟ್ಟಿನಲ್ಲೇ ಮುಂದಿನ ಭಾನುವಾರ ಹೋದೆ. ಹೊಸದಾಗಿ ನಾಲ್ಕು ಡಬ್ಬಿ ಬಂದಿದ್ದವು. ದಾರಿಯಲ್ಲಿ ಎಣ್ಣೆ ಸೋರಿ ಚೀಟಿಗಳ ಅಕ್ಷರಗಳೆಲ್ಲ ಕರಗಿಹೋಗಿದ್ದವು. ಸಾಹೇಬರು ಮೊದಲನೆಯದನ್ನು ತೆರೆದು ನನ್ನ ಮುಂದೆ ಹಿಡಿದರು. "ಏನ ಕಾಣಸ್ತೈತಿ?"

ಗುಲಾಬಿ. ಸಂಶಯವೇ ಇಲ್ಲದ, ತುಂಬಿ ತುಳುಕುವ ಗುಲಾಬಿ. ನಾನು ಹೇಳಿದೆ, "ಕೇದಗಿ ರೀ."

"ಹೂಂ, ಕೇದಗಿನ" ಎಂದರು. ಬಿಳಿ ಚೀಟಿ ತೆಗೆದುಕೊಂಡು, ಉದ್ದನೆಯ ಅಕ್ಷರಗಳಲ್ಲಿ ಕೇದಗಿ ಎಂದು ಬರೆದು, ನಾಲಿಗೆಗೆ ತಾಗಿಸಿ ಡಬ್ಬಿಗೆ ಅಂಟಿಸಿದರು. ಅಂಚುಗಳು ಏಳದಂತೆ ಹೆಬ್ಬೆರಳಿನಿಂದ ನಾಲ್ಕೂ ಕಡೆ ತೀಡಿದರು. ಅದನ್ನು ಕೇದಗೆಯ ಸಾಲಿನಲ್ಲಿ ಇಡಲು ಕೈ ಎತ್ತಿದರು. ಇಷ್ಟು ಅಂಕುಡೊಂಕಿಲ್ಲದ ನಂಬಿಕೆಯನ್ನು ನಾನು ಎಲ್ಲಿಯೂ ಕಂಡಿರಲಿಲ್ಲ.

"ಸಾಹೇಬ್ರ, ಅದು ಗುಲಾಬಿ."

ಎತ್ತಿದ ಕೈ ಹಾಗೆಯೇ ನಿಂತಿತು. ಆಮೇಲೆ ಡಬ್ಬಿಯನ್ನು ಕೆಳಗಿಟ್ಟು, ಪೆನ್ನಿನ ಟೊಪ್ಪಿಗೆ ಹಾಕಿ, ತಮ್ಮ ಮುಂಗೈ ನೋಡುತ್ತಾ ಕೂತರು.

"ಯಾವಾಗ ಗೊತ್ತಾತ್ರಿ?"

"ಹ್ವಾದ ವಾರ. ನನ್ನ ಹುಲ್ಲಿನ ಎಣ್ಣಿ ಕೊಳತಿತ್ರಿ."

"ಕೊಳತಿತ್ತೇನು?" ಎಂದು ಸ್ವಲ್ಪ ನಕ್ಕರು. ನಗು ಅಲ್ಲಿಗೇ ಮುಗಿಯಿತು. "ಎಲ್ಲಾರ್ಗೂ ಜ್ವರಾ ಬಂತಲ್ರಿ, ಊರಿಗೆ ಊರ ಬಾಗಲಾ ಹಾಕ್ಕೊಂಡು ಕುಂತಿತ್ತು. ಆಗ ಹೋತು. ಉಳದವರ್ಗೆಲ್ಲ ತಿರಗಿ ಬಂತು. ನಂದೂ ಬರತೈತಿ, ನಾಳಿ ಬರತೈತಿ ಅಂತ ಕಾದೆ. ಐವತ್ತ ವರ್ಷ ಕುಂತ ಅಂಗಡಿ. ಮೂಗಿಲ್ಲಂತ ಯಾರಿಗೆ ಹೇಳ್ಲಿ? ಮನ್ಯಾಗೂ ಹೇಳಿಲ್ಲ."

ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು. "ನೀವು ಹೇಳಿದ್ದ ನನಗ ವಾಸನಿ ಆಗಿತ್ತು ಅಕ್ಕಾರ. ಅದೂ ಸುಳ್ಳಾದ್ರ ನನಗ ಏನ ಉಳೀತು, ಹೇಳ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಮಿಕ್ಕ ಮೂರು ಡಬ್ಬಿಗಳನ್ನು ಅವರು ತೆರೆಯಲಿಲ್ಲ. ನಾನು ಎದ್ದು ಬಂದೆ.

ಎರಡು ಭಾನುವಾರ ಹೋಗಲಿಲ್ಲ. ಸೀರೆ ಮಡಿಚಿದೆ, ಕಪಾಟು ಒರೆಸಿದೆ, ಕಿಟಕಿಯ ಹತ್ತಿರ ಕೂತು ಏನನ್ನೂ ನೋಡದೆ ನೋಡಿದೆ. ನಮ್ಮವರಿಗೆ ಎಲ್ಲವನ್ನೂ ಹೇಳಿದಾಗ, ಎಂದೂ ಇಲ್ಲದವರು ಪತ್ರಿಕೆ ಮಡಿಚಿ ಬದಿಗಿಟ್ಟರು. "ಕುಂಟಗ ನೀ ಓಡಿ ತೋರಸು ಅಂದಂಗಾತಲ್ಲ" ಎಂದಷ್ಟೇ ಹೇಳಿ ಮತ್ತೆ ಪತ್ರಿಕೆ ಬಿಡಿಸಿದರು.

ಮೂರನೆಯ ವಾರ ಮಳೆ ಬಂತು. ಎರಡು ದಿನ ಬಿಡದೆ ಸುರಿದು, ಮೂರನೆಯ ದಿನ ಹೊಳಪು ಬಿಸಿಲು. ನಾನು ಶಾಲೆಯಲ್ಲಿದ್ದಾಗ ಫೋನು ಬಂತು. ಸಾಹೇಬರು ಎಂದೂ ಫೋನು ಮಾಡಿದವರಲ್ಲ. ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ.

"ಕರಕಿ ಚಿಗತಿರಬೇಕಲ್ರಿ ನಿಮ್ಮ ಕಡೆ?"

"ಚಿಗತೈತ್ರಿ."

"ತೊಳೀಬ್ಯಾಡ್ರಿ. ಇಬ್ಬನಿ ಆರಿದ ಮ್ಯಾಲ ಕೊಯ್ರಿ. ನೀರು ಹೋತಂದ್ರ ಕೊಳಿಯಂಗಿಲ್ಲ. ತೊಗೊಂಡ ಬರ್ರಿ."

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಕ್ಷಮಿಸಿ ಎಂದು ನಾನೂ ಹೇಳಲಿಲ್ಲ. ಹೇಳಿದ್ದರೆ ಆ ಮಾತಿಗೊಂದು ಉತ್ತರ ಬೇಕಾಗುತ್ತಿತ್ತು.

ಆ ಮಳೆಗಾಲ ನನಗೆ ಈಗಲೂ ಒಂದು ಹಸಿರು ಮಂಪರಿನ ಹಾಗೆ ನೆನಪಿದೆ. ಅವರಿಗೆ ನೆನಪಿತ್ತು, ನನಗೆ ಮೂಗಿತ್ತು. ಅಂಗಡಿಯ ಹಿಂದಿನ ಗೂಡಿನಂಥ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂತು, ಅವರು ಐವತ್ತು ವರ್ಷದ ಹಿಂದಿನ ವಾಸನೆಗಳನ್ನು ಮಾತಿನಲ್ಲಿ ಹೇಳುತ್ತಿದ್ದರು, ನಾನು ಅವನ್ನು ಸೀಸೆಗಳಲ್ಲಿ ಹುಡುಕುತ್ತಿದ್ದೆ. ಅವರ ಸೋದರಮಾವ, ಅವರಿಗೆ ಈ ವಿದ್ಯೆ ಕಲಿಸಿದವರು, ಬಿಟ್ಟುಹೋದ ಶ್ರೀಗಂಧದ ಎಣ್ಣೆ ಅಂಗೈಯಗಲದ ಒಂದು ಸೀಸೆಯಲ್ಲಿ ಉಳಿದಿತ್ತು. ಮುಪ್ಪಾಗಿ ತನ್ನ ಕಂಪನ್ನೇ ಮೆಲ್ಲಗೆ ಮಾಡಿಕೊಂಡ ಎಣ್ಣೆ. ಅದನ್ನೇ ಹೊರತೆಗೆದರು. "ಇದು ಮುಗದ್ರ ಮತ್ತ ಇಲ್ಲ. ಆದ್ರ ಇದರಾಗ ಹಾಕಿದ್ದು ಓಡಿ ಹೋಗಂಗಿಲ್ಲ" ಎಂದರು. ಕೊಯ್ದು ತಂದ ಕರಕಿಯನ್ನು ಅಲ್ಲೇ ಮತ್ತೆ ಸಣ್ಣಗೆ ಕತ್ತರಿಸಿ, ಆ ಕ್ಷಣವೇ ಅದರಲ್ಲಿ ಅರ್ಧ ತಾಸು ಅದ್ದಿ, ಹಿಂಡಿ ತೆಗೆದು, ಮತ್ತೆ ಹೊಸ ಕರಕಿ. ಹೀಗೆ ವಾರವಾರವೂ, ಎಷ್ಟು ಸಲವೆಂದು ಲೆಕ್ಕವಿಟ್ಟಿಲ್ಲ. ನನ್ನ ಉಗುರುಗಳು ಆ ಮಳೆಗಾಲವೆಲ್ಲ ಹಸಿರಾಗಿಯೇ ಇದ್ದವು.

ಆದರೆ ಹುಲ್ಲೊಂದರಿಂದಲೇ ಹುಲ್ಲು ಆಗುವುದಿಲ್ಲ ಎಂದು ಸಾಹೇಬರು ಕಲಿಸಿದರು. "ಹುಲ್ಲಿಗೆ ತುದಿ ಬೇಕು, ನಡು ಬೇಕು, ಬುಡ ಬೇಕು" ಎನ್ನುತ್ತಿದ್ದರು. ಬುಡಕ್ಕೆ ಲಾವಂಚದ ಒಂದು ಹನಿ, ಜೇಕು ಎಂಬ ಕಳೆಹುಲ್ಲಿನ ಗಡ್ಡೆಯ ಎಣ್ಣೆ ಅರ್ಧ ಹನಿ. ಮಣ್ಣು ಹತ್ತಿದ ಬೇರಿನ ವಾಸನೆಗೆ. ನಡುವಿಗೆ ನಮ್ಮ ಕರಕಿಯ ಎಣ್ಣೆ, ಅದನ್ನು ಎಬ್ಬಿಸಿ ಕೂಡಿಸಲು ಗಂಜಣಿಯ ಒಂದು ಸೋಂಕು. ತುದಿಗೆ ಇರಾನಿನ ಕಡೆಯಿಂದ ಬರುವ ಒಂದು ಗೋಂದು. ಕಡ್ಡಿಯ ಮೊನೆಯಲ್ಲಿ ಹತ್ತುವಷ್ಟು ಹಾಕಿದರೆ ಹಸಿ ಬಟಾಣಿಯ ಕಾಯಿ ಸೀಳಿದ ಹಾಗೆ, ಅದಕ್ಕಿಂತ ಒಂದು ಕೂದಲು ಹೆಚ್ಚಾದರೆ ದವಾಖಾನೆಯ ಮುಲಾಮಿನ ಹಾಗೆ. ಮೂರು ಸಲ ದವಾಖಾನೆ ಮಾಡಿದೆ.

ಪ್ರತಿ ಸಲವೂ ಅವರು ಕೇಳುವರು, "ಕುಡಗೋಲು ಕಾಣಸ್ತೈತೇನ್ರಿ?"

ನಾನು ಮೂಸಿ, ಮತ್ತೆ ಮೂಸಿ, ನಿಜ ಹೇಳುವೆನು. "ಇಲ್ರಿ. ಹೊಲಾ ಐತಿ. ಹುಲ್ಲು ಐತಿ. ಇನ್ನೂ ಯಾರೂ ಕೊಯ್ದಿಲ್ಲ."

"ಹಂಗಾರ ಆಗಿಲ್ಲ" ಎಂದು ಸೀಸೆ ಮುಚ್ಚುವರು. ಹೌದು ಎಂದುಬಿಟ್ಟರೆ ಅವರಿಗೆ ತಿಳಿಯುವಂತಿರಲಿಲ್ಲ. ಆ ಮಾತು ನನ್ನ ನಾಲಿಗೆಯ ತುದಿಗೆ ಒಮ್ಮೆಯೂ ಬರಲಿಲ್ಲ ಎಂದರೆ ಅದೇ ಸುಳ್ಳಾದೀತು. ಶ್ರೀಗಂಧದ ಸೀಸೆ ತಳ ಕಾಣುತ್ತಾ ಬಂದಿತ್ತು.

ಕುಡಗೋಲು ಸಿಕ್ಕಿದ್ದು ಬಾದಾಮಿಯಲ್ಲಿ. ಶಾಲೆಯ ಮಕ್ಕಳನ್ನು ಗುಹೆ ತೋರಿಸಲು ಕರೆದುಕೊಂಡು ಹೋಗಿದ್ದೆವು. ಮಕ್ಕಳೆಲ್ಲ ಮಂಗಗಳನ್ನೂ ಮಂಗಗಳೆಲ್ಲ ಮಕ್ಕಳನ್ನೂ ನೋಡಿ ಮುಗಿದ ಮೇಲೆ ಕೆಂಪು ಬಂಡೆಯ ನೆರಳಿನಲ್ಲಿ ಸುಮ್ಮನೆ ಕೂತೆ. ಕೆರೆಯ ಮೇಲಿನಿಂದ ಗಾಳಿ ಬರುತ್ತಿತ್ತು. ಅಲ್ಲೇ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಯಾರಿಗೋ ಸೌತೆಕಾಯಿ ಹೆಚ್ಚಿ ಕೊಡುತ್ತಿದ್ದಳು. ಮರದ ಹಿಡಿಯ ಹಳೆಯ ಕಬ್ಬಿಣದ ಚಾಕು. ಅದು ಸಿಪ್ಪೆಯಲ್ಲಿ ಇಳಿದದ್ದೇ ತಡ, ನನ್ನ ಬೆನ್ನು ನೆಟ್ಟಗಾಯಿತು. ನೀರು, ಹಸಿರು, ಅದರ ಹಿಂದೆಯೇ ತಣ್ಣನೆಯ ಲೋಹ. ಕಣ್ಣು ಮುಚ್ಚಿದರೆ ಅವ್ವನ ಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದೆ.

"ಕಾಯಿ ಬ್ಯಾಡವಾ, ಸಿಪ್ಪಿ ಅಷ್ಟ ಕೊಡು" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಡಿಗೇನ್ರಿ?" ಎಂದು ಕೇಳಿದಳು. ಹೌದೆಂದೆ. ಮಕ್ಕಳ ಎದುರಿಗೇ ಬುಟ್ಟಿಯ ಸಿಪ್ಪೆಯನ್ನೆಲ್ಲ ಊಟದ ಡಬ್ಬಿಗೆ ತುಂಬಿಕೊಂಡೆ. ಅಂದಿನಿಂದ ಶಾಲೆಯಲ್ಲಿ ನಮ್ಮ ಮನೆಯಲ್ಲಿ ಆಡು ಸಾಕಿದ್ದಾರೆಂಬ ಸುದ್ದಿಯಿದೆ. ಆ ಸಿಪ್ಪೆ ವಾಸನೆ ಗೊತ್ತುಮಾಡಿಕೊಳ್ಳಲು ಆಯಿತು. ಭಾನುವಾರ ಹೊಸ ಸೌತೆಕಾಯಿ ಒಯ್ದು, ಅಂಗಡಿಯಲ್ಲೇ ಸಿಪ್ಪೆ ಹೆರೆದು, ಬಟ್ಟೆಯಲ್ಲಿ ಒರೆಸಿ, ಉಳಿದ ಗಂಧದೆಣ್ಣೆಯಲ್ಲಿ ಅದ್ದಿ ತೆಗೆದೆವು. ಅದರ ಎರಡು ಹನಿಯನ್ನು ಸಾಹೇಬರೇ ಹುಲ್ಲಿನ ಅತ್ತರಿನ ದೊಡ್ಡ ಸೀಸೆಗೆ ಇಳಿಸಿದರು.

ಈಗಿನ ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಸಾಹೇಬರು ಆ ದಿನಗಳ ನಂತರ ತಮ್ಮ ಮೂಗಿನ ವಿಷಯ ಯಾರಿಂದಲೂ ಮುಚ್ಚಿಡುವುದಿಲ್ಲ. ಬಂದ ಗಿರಾಕಿಗೆ ನೇರವಾಗಿ, "ನನಗ ವಾಸನಿ ಬರಂಗಿಲ್ಲ. ನೀವ ನೋಡಿ, ಏನ ಕಾಣಸ್ತೈತಿ ಹೇಳ್ರಿ. ಯಾವುದು ಅಂತ ನಾ ಹೇಳ್ತೇನಿ" ಎನ್ನುತ್ತಾರೆ. ಕೆಲವರು ಎದ್ದು ಹೋದರು. ಹೆಚ್ಚಿನವರು ಕೂತರು. ತಮ್ಮ ಮೂಗನ್ನು ಯಾರೋ ಅಷ್ಟು ಆಸೆಯಿಂದ ಕೇಳುತ್ತಾರೆಂದರೆ ಜನಕ್ಕೂ ಹಿಗ್ಗು. ಬಾಗಲಕೋಟೆಯಿಂದ ಬಂದಿದ್ದ ಒಬ್ಬ ವಕೀಲರು ಒಂದು ಹನಿ ಹಿನಾ ಅತ್ತರಿಗೆ ಮುಕ್ಕಾಲು ತಾಸು ತಮ್ಮ ಅಜ್ಜಿಯ ಟ್ರಂಕಿನ ವರ್ಣನೆ ಮಾಡಿ ಹೋದರು. ಸ್ಟೂಲುಗಳು ಈಗ ಎರಡಾಗಿವೆ.

ಆ ದಿನಕ್ಕೆ ಮರಳುತ್ತೇನೆ. ಹನಿ ಇಳಿಸಿ, ಸೀಸೆಯನ್ನು ಅಂಗೈಯಲ್ಲಿ ಉರುಳಿಸಿ ಬೆಚ್ಚಗೆ ಮಾಡಿ, ಸಾಹೇಬರು ನನ್ನ ಮುಂದೆ ಹಿಡಿದರು.

ನಾನು ಬಹಳ ಹೊತ್ತು ತೆಗೆದುಕೊಂಡೆ. ಬೇರು ಇತ್ತು, ಮಣ್ಣು ಇತ್ತು. ಎಳೆ ದಳಗಳು ಇದ್ದವು. ಅವೆಲ್ಲದರ ಮೇಲೆ, ಈಗಷ್ಟೇ, ಯಾರೋ ಕೊಯ್ದಿದ್ದರು.

"ಕಾಣಸ್ತೈತ್ರಿ" ಎಂದೆ.

"ಕುಡಗೋಲು?"

"ಹೌದ್ರಿ."

ಅವರು ನನ್ನ ಮುಖವನ್ನೇ ನೋಡಿದರು. "ಖರೆ?"

"ಖರೆ ರೀ."

ತಲೆಯಾಡಿಸಿದರು. ಮಕ್ಕಳು ಮನೆಪಾಠ ಮಾಡಿದ್ದೇವೆ ಎಂದಾಗ ನಾನು ತಲೆಯಾಡಿಸುತ್ತೇನಲ್ಲ, ಹಾಗೆ. ಒಂದು ಹನಿಯನ್ನು ಕಿವಿಯ ಹಿಂದೆ, ಒಂದನ್ನು ಎದೆಯ ಮೇಲೆ ಅಂಗಿಗೆ ಹಚ್ಚಿಕೊಂಡು, ಮೂಗಿನ ಹತ್ತಿರ ತರಲೂ ಹೋಗದೆ, "ನಡ್ರಿ, ಊಟದ ಹೊತ್ತಾತು" ಎಂದು ಎದ್ದರು. ಅವರು ನನ್ನ ಮಾತನ್ನು ಒಪ್ಪಿಕೊಂಡಿದ್ದರು, ನಂಬಿರಲಿಲ್ಲ. ಅವರದೇನೂ ತಪ್ಪಿರಲಿಲ್ಲ.

ಮನೆ ಹಿಂದಿನ ಓಣಿಯಲ್ಲೇ. ಅವರ ಹೆಂಡತಿ ಮಹಬೂಬಿ ಅಂಗಳದ ಬಿಸಿಲಿನಲ್ಲಿ ಹೊರಸಿನ ಮೇಲೆ ಶ್ಯಾವಿಗೆ ಹರವುತ್ತಿದ್ದರು. ಅಂಗಡಿಯ ಕಡೆ ತಲೆ ಹಾಕಿದವರಲ್ಲ ಅವರು. ಅತ್ತರೆಂದರೆ ತಲೆನೋವು ಎನ್ನುವವರು. ನಾವು ಮಳೆಗಾಲವೆಲ್ಲ ಏನು ಮಾಡುತ್ತಿದ್ದೆವೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ನನಗೆ "ಬರ್ರಿ ಅಕ್ಕಾರ" ಎಂದವರು, ಗಂಡ ಪಕ್ಕದಲ್ಲಿ ಹಾದು ಹೋಗುವಾಗ ಶ್ಯಾವಿಗೆಯ ಕೈ ನಿಲ್ಲಿಸಿದರು.

"ನಿಲ್ರಿ. ಎಲ್ಲಿ ಹೋಗಿ ಕುಂತಿದ್ರಿ?" ನಾನಿದ್ದೆನೆಂದೋ ಏನೋ, ಕನ್ನಡದಲ್ಲೇ ಕೇಳಿದರು.

"ಎಲ್ಲಿ ಕೂಡ್ತೇನಿ? ಅಂಗಡ್ಯಾಗ."

"ಸುಳ್ಳ ಹೇಳಬ್ಯಾಡ್ರಿ. ಯಾರ ಹೊಲದಾಗ ಕುಂತಿದ್ರಿ? ಈಗ ಕೊಯ್ದ ಹುಲ್ಲಿನ ಮ್ಯಾಲ ಹೋಗಿ ಕುಂತು ಬಂದಾರ ನೋಡ್ರಿ, ಬಿಳೆ ಅಂಗಿ ಹಾಕ್ಕೊಂಡು. ಹಸರ ಕಲಿ ಹತ್ತಿದ್ರ ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ. ತಿರಗ್ರಿ ಹಿಂದ."

ಸಾಹೇಬರು ತಿರುಗಿ ನಿಂತರು. ಈಗ ಬೆನ್ನು ಹೆಂಡತಿಯ ಕಡೆಗೆ, ಮುಖ ನನ್ನ ಕಡೆಗೆ. ಮಹಬೂಬಿ ಅಂಗಿಯ ಬೆನ್ನನ್ನು ಬಿಸಿಲಿಗೆ ಹಿಡಿದು ನೋಡಿದರು, ಅಂಚು ಎತ್ತಿ ನೋಡಿದರು. ಕಲೆ ಕಾಣಲಿಲ್ಲ. ಆದರೂ ನಂಬದೆ, ಎಲ್ಲೋ ಅಂಟಿಕೊಂಡಿರುವ ಹುಲ್ಲಿನ ಎಳೆಗಳನ್ನು ಉದುರಿಸುವವರ ಹಾಗೆ ಅಂಗೈಯಿಂದ ಪಟಪಟನೆ ಝಾಡಿಸತೊಡಗಿದರು.

ನನ್ನನ್ನು ನೋಡಿದ ಸಾಹೇಬರು ಕಣ್ಣು ಕೆಳಗೆ ಮಾಡಲಿಲ್ಲ.

"ಇನ್ನೂ ಐತೇನ ನೋಡು" ಎಂದರು ಹೆಂಡತಿಗೆ, ಬಹಳ ಮೆಲ್ಲಗೆ. "ಸರಿಯಾಗಿ ನೋಡು."

ಮಹಬೂಬಿ ಗೊಣಗುತ್ತಾ ಮತ್ತೆ ಹೆಗಲಿನಿಂದ ಶುರು ಮಾಡಿದರು.